ಅಪ್ಪನ ಯೆಜ್ಡಿ ಯಾವ ಕ್ಲಾಸಿಗೆ?

ಹೋದ ವರ್ಷ ಜೋಳದ ರಾಶಿ ಮುಗಿದ ಮೇಲೆ ಒಂದು ರಾತ್ರಿ ಹತ್ತೂವರೆಗೆ ಕಾಕಾನ ಮಗ ಫೋನ್ ಮಾಡಿದ.

"ಅಣ್ಣಾ, ನೀ ಬೆಂಗಳೂರಾಗ ಕಂಪನಿಯೊಳಗ ರೂಲ್ಸ್ ಬರಿಯೂ ಕೆಲಸಾನ ಮಾಡ್ತಿ ಹೌದಿಲ್ಲ?"

ನಾನು ಬರೆಯೋದು ಸಾಫ್ಟ್‌ವೇರ್ ಟೆಸ್ಟ್ ಕೇಸ್. ಅದನ್ನು ಅವನಿಗೆ ಎಷ್ಟು ಸಲ ವಿವರಿಸಿದರೂ ಉಪಯೋಗವಿಲ್ಲ. "ಹೂಂ, ಒಂಥರಾ ಹಂಗ" ಅಂದೆ. ಅಲ್ಲಿಗೆ ಸಿಕ್ಕಿಬಿದ್ದೆ.

ವಿಷಯ ಇಷ್ಟು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕಡೆಯ ಫಟಫಟಿ ಹುಚ್ಚಿನ ಹುಡುಗರದ್ದೊಂದು ವಾಟ್ಸ್‌ಆ್ಯಪ್ ಗ್ರೂಪ್ ಇದೆ. ಮುದ್ದೇಬಿಹಾಳದ ಕಡೆ ಒಬ್ಬರ ಮಡ್ಡಿ ಹೊಲದಲ್ಲಿ ಮಣ್ಣಿನ ಟ್ರ್ಯಾಕ್ ಮಾಡಿ ಗಾಡಿ ಓಡಿಸುವುದು ಅಂತ ಮಾತಾಗಿತ್ತು. ಎಲ್ಲರೂ ಒಟ್ಟಿಗೆ ನುಗ್ಗುವ ರೇಸ್ ಅಲ್ಲ. ಒಬ್ಬೊಬ್ಬರೇ ಮೂರು ಸುತ್ತು ಹೊಡೆಯಬೇಕು, ಮೊಬೈಲ್‌ನಲ್ಲಿ ಟೈಮ್ ಹಿಡಿಯಬೇಕು. ಪೊಲೀಸ್ ಅನುಮತಿ, ಹೆಲ್ಮೆಟ್, ಆ್ಯಂಬುಲೆನ್ಸ್ ಎಲ್ಲ ಹುಡುಗರು ನೋಡಿಕೊಂಡಿದ್ದರು. ಜಗಳ ಇದ್ದದ್ದು ಒಂದೇ ಕಡೆ. ಹೊಸ ಗಾಡಿಗಳ ಜೊತೆ 'ಹಳೆ ಗಾಡಿ ಕ್ಲಾಸ್' ಅಂತ ಒಂದು ಇಡಬೇಕು ಅಂದಿದ್ದರು. ಆದರೆ ಹಳೆ ಗಾಡಿ ಅಂದರೆ ಯಾವುದು?

ಇದೇನು ಮಹಾ ಅನ್ನಿಸಿತು. ಐದೇ ನಿಮಿಷದಲ್ಲಿ ಉತ್ತರ ಟೈಪ್ ಮಾಡಿ ಕಳಿಸಿದೆ: '1996 ಅಥವಾ ಅದಕ್ಕಿಂತ ಮೊದಲು ತಯಾರಾದ ಗಾಡಿಗಳು ಮಾತ್ರ.'

1996 ಯಾಕೆ ಅಂತ ಆ ಹೊತ್ತಿಗೆ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ ವರ್ಷ ಅದು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಪಡೆದು 1961ರಲ್ಲಿ ಅಲ್ಲಿ ಗಾಡಿ ಮಾಡಲು ಶುರು ಮಾಡಿದ್ದರು. ಎಪ್ಪತ್ತರ ದಶಕದಲ್ಲಿ ಜಾವಾ ಅನ್ನುವ ಹೆಸರು ಹೋಗಿ ಟ್ಯಾಂಕಿನ ಮೇಲೆ ಯೆಜ್ಡಿ ಅಂತ ಬಂತು. ಹಾಗೆ ಹೆಸರು ಬದಲಾದ ಹೊಸತರಲ್ಲಿ, 1974ರಲ್ಲಿ, ನಮ್ಮ ಅಜ್ಜ ಒಂದು ಗಾಡಿ ತಗೊಂಡರು. ಅದನ್ನೇ ಅಪ್ಪ ಇವತ್ತಿಗೂ ಓಡಿಸುತ್ತಾರೆ. ನನ್ನ ತಲೆಯಲ್ಲಿ ಹಳೆ ಗಾಡಿ ಅಂದರೆ ಅದೊಂದೇ. ನಿಯಮವೂ ಅದರ ಸುತ್ತಲೇ ಹೊಲಿದಂತಾಗಿತ್ತು.

ಬೆಳಗಾಗುವಷ್ಟರಲ್ಲಿ ಗ್ರೂಪಿನಲ್ಲಿ 140 ಮೆಸೇಜು.

ಇಂಡಿಯ ನಿಂಬೆ ತೋಟದ ಹುಡುಗನೊಬ್ಬನ ಹತ್ತಿರ ಆರ್‌ಎಕ್ಸ್ 100 ಇದೆ. ಆ ಗಾಡಿ ನಮ್ಮ ದೇಶದಲ್ಲಿ ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. ಅಂದರೆ ನನ್ನ ನಿಯಮದ ಪ್ರಕಾರ ಪಕ್ಕಾ ಹಳೆ ಗಾಡಿ. ಎಂಜಿನ್ 98 ಸಿಸಿ ಅಷ್ಟೇ. ಆದರೆ ಗಾಡಿ ಹಗುರ, ಆ್ಯಕ್ಸಲರೇಟರ್ ತಿರುವಿದರೆ ಜಿಗಿಯುತ್ತದೆ. 250 ಸಿಸಿ ಯೆಜ್ಡಿ, ಹಾಲಿನ ಕ್ಯಾನ್ ಹೊತ್ತ ರಾಜದೂತ್, ದಪ್ಪನೆಯ ಬುಲೆಟ್ಟು, ಇವೆಲ್ಲ ಮಣ್ಣಿನ ತಿರುವಿನಲ್ಲಿ ಅದರ ಬೆನ್ನು ಕೂಡ ನೋಡಲಾರವು. ಇನ್ನೊಬ್ಬನದು ಆರ್‌ಎಕ್ಸ್ 135. ಅದು ಬಂದದ್ದೇ 1996ರ ನಂತರ, ಹಾಗಾಗಿ ಹೊರಗೆ. "ಎರಡೂ ಅಣ್ಣತಮ್ಮ ಇದ್ದಂಗ, ಒಂದು ಒಳಗ, ಒಂದು ಹೊರಗ, ಇದ್ಯಾವ ನ್ಯಾಯ?" ಅಂತ ಅವನ ವಾಯ್ಸ್ ಮೆಸೇಜು. ನ್ಯಾಯವಾದ ಪ್ರಶ್ನೆಯೇ.

ಆಮೇಲೆ ಸ್ವಲ್ಪ ಗಂಭೀರವಾಗಿ ಓದಲು ಕೂತೆ. ಹಳೆ ಗಾಡಿಗಳ ರೇಸು ಅನ್ನುವುದು ಅಮೆರಿಕದಲ್ಲಿ ದೊಡ್ಡ ಸಂಸಾರ. ಅಮೆರಿಕನ್ ಹಿಸ್ಟಾರಿಕ್ ರೇಸಿಂಗ್ ಮೋಟಾರ್‌ಸೈಕಲ್ ಅಸೋಸಿಯೇಷನ್ ಅಂತ ಒಂದು ಸಂಸ್ಥೆ ಇದೆ. ಯಾವ ಗಾಡಿ ಯಾವ ಕ್ಲಾಸಿಗೆ ಅಂತ ಹೇಳೋದಕ್ಕೇ ಪುಟಗಟ್ಟಲೆ ನಿಯಮ. ನನಗೆ ಹಿಡಿಸಿದ್ದು ಅವರ ಒಂದು ಮಾತು. ಗಾಡಿ ಆ ವರ್ಷದ ನಂತರ ತಯಾರಾಗಿದ್ದರೂ ಅದರ ವಿನ್ಯಾಸ ಆ ಕಾಲದ್ದೇ ಆಗಿದ್ದರೆ ಒಳಗೆ ಬಿಡುತ್ತಾರೆ. ಬಿಡಿಭಾಗಗಳಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಹೊಸದಾಗಿ ಮಾಡಿದ ಪಾರ್ಟ್ ಇರಬಹುದು, ಹಳೆಯದರಂತೆ ಇದ್ದರೆ ಸಾಕು. ಆರ್‌ಎಕ್ಸ್ 135ರ ಹುಡುಗ ಕೇಳಿದ್ದೂ ಇದನ್ನೇ.

ಓದುತ್ತಾ ಹೋದಂತೆ ಇನ್ನೊಂದು ಸಂಗತಿ ಸಿಕ್ಕಿತು. ಅಮೆರಿಕದ ಮಣ್ಣಿನ ಟ್ರ್ಯಾಕ್ ರೇಸಿನಲ್ಲಿ 1930ರ ದಶಕದಿಂದ 'ಕ್ಲಾಸ್ ಸಿ' ಅಂತ ಒಂದಿತ್ತು. ಅಂಗಡಿಯಲ್ಲಿ ಸಿಗುವ ಗಾಡಿಗಳೇ ಓಡಬೇಕು ಅನ್ನುವುದು ಉದ್ದೇಶ. ಆದರೆ ಸೈಡ್‌ವಾಲ್ವ್ ಎಂಜಿನ್ ಆದರೆ 750 ಸಿಸಿವರೆಗೆ ಅವಕಾಶ, ಓವರ್‌ಹೆಡ್ ವಾಲ್ವ್ ಆದರೆ 500 ಮಾತ್ರ. ಸೈಡ್‌ವಾಲ್ವ್ ಎಂಜಿನ್ ಹಿಂದುಳಿದದ್ದು, ಅದಕ್ಕೆ ರಿಯಾಯಿತಿ ಅನ್ನುವುದು ಲೆಕ್ಕ. ಸೈಡ್‌ವಾಲ್ವ್ 750 ಯಾರದ್ದು? ಅಲ್ಲಿಯದೇ ಹಾರ್ಲೆಯದ್ದು. ಓವರ್‌ಹೆಡ್ 500 ಯಾರದ್ದು? ಬ್ರಿಟನ್ನಿನಿಂದ ಬಂದ ಟ್ರಯಂಫ್, ಬಿಎಸ್ಎಗಳದ್ದು. ಈ ಕೂಗಾಟ ಮುಗಿದು ಎಲ್ಲರಿಗೂ 750 ಅಂತ ಆಗುವಷ್ಟರಲ್ಲಿ 1969 ಬಂದಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ನಡೆದ ಜಗಳ! ಓದಿ ನಕ್ಕೆ. 1996 ಅಂತ ಬರೆದ ನಾನೇ ನಕ್ಕದ್ದು ಈಗ ನೆನಪಾದರೆ ಕಸಿವಿಸಿಯಾಗುತ್ತದೆ.

ಎರಡು ರಾತ್ರಿ ಕೂತು ನಾಲ್ಕು ಪುಟದ ಪಿಡಿಎಫ್ ಮಾಡಿದೆ. ನಂಬರ್ ಹಾಕಿದ ನಿಯಮಗಳು, ಅಚ್ಚುಕಟ್ಟು. ಏಳನೆಯದು ಹೀಗಿತ್ತು: 'ಕಾರ್ಖಾನೆಯಿಂದ ಬಂದಾಗ ಇದ್ದ ಎಂಜಿನ್ ಮತ್ತು ಚಾಸಿಯೇ ಇರಬೇಕು. ಎಂಜಿನ್ ಬದಲಾಯಿಸಿದ ಗಾಡಿಗಳಿಗೆ ಹಳೆ ಗಾಡಿ ಕ್ಲಾಸಿನಲ್ಲಿ ಪ್ರವೇಶವಿಲ್ಲ.' ಹಳೆ ಚಾಸಿಗೆ ಹೊಸ ಎಂಜಿನ್ ಕೂರಿಸಿ ಮೋಸ ಮಾಡುವವರನ್ನು ತಡೆಯೋಣ ಅಂತ. ಖುಷಿಗೆ ಅದನ್ನು ಮನೆಯ ಗ್ರೂಪಿಗೂ ಹಾಕಿದೆ. ಅತ್ತೆ ಹೆಬ್ಬೆರಳು ಒತ್ತಿದರು. ತಂಗಿ ಚಪ್ಪಾಳೆ ತಟ್ಟಿದಳು. ಅಪ್ಪನ ಹೆಸರಿನ ಮುಂದೆ ನೀಲಿ ಟಿಕ್ ಬಿತ್ತು, ಅಷ್ಟೇ.

ಎರಡು ದಿನ ಬಿಟ್ಟು ಅವ್ವ ಫೋನ್ ಮಾಡಿದಳು. ಅದೂ ಇದೂ ಮಾತಾಡಿ ಕೊನೆಗೆ, "ನಿಮ್ಮಪ್ಪ ಮುಂಜಾನೆ ಗಾಡಿ ಒರಸೂದ ಬಿಟ್ಟಾನ ನೋಡು. ಏನಾಗೇತೋ" ಅಂದಳು.

ಆಗ ನೆನಪಾಯಿತು. ನಮ್ಮ ಗಾಡಿಯ ಎಂಜಿನ್ ನಮ್ಮ ಗಾಡಿಯದಲ್ಲ.

ನಾನು ಹುಟ್ಟುವ ಮೊದಲಿನ ಮಾತು. ಅಪ್ಪ ಉಳ್ಳಾಗಡ್ಡಿ ಬೀಜದ ಚೀಲ ಹೇರಿಕೊಂಡು ದೇವರ ಹಿಪ್ಪರಗಿ ಕಡೆಯಿಂದ ಬರುತ್ತಿದ್ದಾಗ ಚೈನ್ ಕಡಿಯಿತು. ಕಡಿದ ಚೈನ್ ಮುಂದಿನ ಹಲ್ಲುಚಕ್ರದಲ್ಲಿ ಗುಪ್ಪೆಯಾಗಿ ಸಿಕ್ಕಿ ಎಂಜಿನ್ನಿನ ಕೇಸನ್ನೇ ಒಡೆಯಿತು. ಮುದ್ದೇಬಿಹಾಳದ ಮಿಸ್ತ್ರಿ ವೆಲ್ಡಿಂಗ್ ಹಾಕಿ ನೋಡಿದರು, ನಿಲ್ಲಲಿಲ್ಲ. ಕಡೆಗೆ ಬಸವನ ಬಾಗೇವಾಡಿಯ ಒಬ್ಬ ಮಾಸ್ತರರ ಮನೆಯಲ್ಲಿ ಬಿದ್ದಿದ್ದ ಇನ್ನೊಂದು ಯೆಜ್ಡಿಯ ಎಂಜಿನ್ ತಂದು ಕೂರಿಸಿದರು. ದುಡ್ಡಿಗಾಗಿ ಅಪ್ಪ ಮನೆಯ ಹೋರಿ ಮಾರಿದ್ದ. ಎಂಜಿನ್ ಬದಲಾಯಿಸಿದ್ದನ್ನು ಸಾಹೇಬರ ಮುಂದೆ ಹೇಳಿ ಬರೆಸಿಕೊಂಡೂ ಬಂದಿದ್ದ. ನಮ್ಮ ಹಳೆ ಆರ್‌ಸಿ ಪುಸ್ತಕದಲ್ಲಿ ಮೊದಲಿನ ಎಂಜಿನ್ ನಂಬರಿನ ಮೇಲೆ ಗೆರೆ, ಪಕ್ಕದಲ್ಲಿ ಹೊಸ ನಂಬರ್, ಅದರ ಮೇಲೆ ಸೀಲು. ಚಿಕ್ಕವನಿದ್ದಾಗ ಆ ಸೀಲಿನ ಮೇಲೆ ಬೆರಳಾಡಿಸುತ್ತಿದ್ದೆ.

ಸರ್ಕಾರ ಒಪ್ಪಿಕೊಂಡ ಎಂಜಿನ್ನನ್ನು ಮಗ ಒಪ್ಪಲಿಲ್ಲ.

ಶನಿವಾರ ಬೆಳಿಗ್ಗೆ ಊರಿಗೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ನೇರವಾಗಿ ಕ್ಷಮೆ ಕೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ, ಹಾಗಾಗಿ ಸುತ್ತಿ ಬಳಸಿ ಬಂದೆ. ಗಾಡಿಗೆ ಈಗ 50 ವರ್ಷ ದಾಟಿದೆ, ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ತಂದಿದೆ, ಅದಕ್ಕೆ ಅರ್ಜಿ ಹಾಕೋಣ ಅಂದೆ. ಅಪ್ಪನಿಗೆ ಮರ್ಯಾದೆ ಸಿಕ್ಕಂತಾಗುತ್ತದೆ ಅನ್ನುವುದು ನನ್ನ ಲೆಕ್ಕ.

"ಏನೇನ ಕೇಳ್ತಾರ ಅದಕ್ಕ?"

ಫೋನ್ ತೆಗೆದು ಓದಿ ಹೇಳಿದೆ. ಮೊದಲ ನೋಂದಣಿಯಿಂದ 50 ವರ್ಷ ಆಗಿರಬೇಕು. ಮೂಲ ರೂಪದಲ್ಲಿರಬೇಕು, ಚಾಸಿಗೋ ಬಾಡಿಗೋ ಎಂಜಿನ್ನಿಗೋ ದೊಡ್ಡ ಬದಲಾವಣೆ ಆಗಿರಬಾರದು. ಒಂದು ಸಮಿತಿ ಬಂದು ನೋಡುತ್ತದೆ. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಮುಂದೆ ಮತ್ತೆ ಮಾಡಿಸಲು 5,000. ಮೊದಲೇ ನಂಬರ್ ಇದ್ದ ಗಾಡಿ ಅದೇ ನಂಬರ್ ಉಳಿಸಿಕೊಳ್ಳಬಹುದು.

"ಮತ್ತ?"

"ಮತ್ತ... ದಿನಾ ರಸ್ತೆ ಮ್ಯಾಲ ಓಡಿಸೂ ಹಂಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ರಿಪೇರಿ, ಎಣ್ಣಿ ಹಾಕ್ಸಾಕ, ಅಷ್ಟಕ್ಕ ಹೊರಗ ತೆಗೀಬಹುದು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾದ್ರ ಸಂತಿಗೆ ಹ್ಯಾಂಗ ಹೋಗ್ಲಿ?" ಅಂದ.

ಆಮೇಲೆ, ನನ್ನ ಕಡೆ ನೋಡದೆ, "ನಿನ್ನ ಕಾಗದ ಓದೀನಿ ತಮ್ಮಾ. ಏಳನೇದು. ದುಡಿಸಿದ ಗಾಡಿ ಒಡೀತದ. ಒಡದದ್ದು ರಿಪೇರಿ ಆಗ್ತದ. ಶೆಡ್ಡಿನಾಗ ಮುಚ್ಚಿ ಇಟ್ಟಾಂವನ ಗಾಡಿ ಅಷ್ಟ ನಿನ್ನ ರೂಲಿಗೆ ಪಾಸ್ ಆಗ್ತದ" ಅಂದ.

ಉತ್ತರ ಕೊಡಲಾಗಲಿಲ್ಲ. ಮೋಸ ತಡೆಯೋದಕ್ಕೆ ಹಾಗೆ ಬರೆದೆ ಅಂತೇನೋ ಹೇಳಿದೆ. ಹಾಗಾದರೆ ಗಾಡಿಯ ವಯಸ್ಸು ಕಂಡುಹಿಡಿಯೋದು ಹೇಗೆ, ನೀನೇ ಹೇಳು ಅಂದೆ. ಸಿಟ್ಟಿನಲ್ಲೇ ಅಂದಿರಬೇಕು.

"ಹೋರಿ ವಯಸ್ಸು ಹ್ಯಾಂಗ ನೋಡ್ತಾರ?"

ಹೋರಿಯ ಜನ್ಮದಿನ ಯಾರೂ ಬರೆದಿಡೋದಿಲ್ಲ. ಬಾಯಿ ಬಿಡಿಸಿ ನೋಡುತ್ತಾರೆ. ಕೆಳದವಡೆಯಲ್ಲಿ ಎಂಟು ಹಲ್ಲು, ಮುಂದೆ ಮೇಲುಗಡೆ ಹಲ್ಲೇ ಇರೋದಿಲ್ಲ. ಎರಡು ವರ್ಷ ದಾಟುತ್ತಿದ್ದಂತೆ ನಡುವಿನ ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬರುತ್ತವೆ. ಆಮೇಲೆ ನಾಲ್ಕು, ಆರು, ಎಂಟು. ಎಂಟೂ ಬಂದರೆ ಬಾಯಿಗೂಡಿತು ಅನ್ನುತ್ತಾರೆ. ಸಂಕ್ರಾಂತಿಗೆ ವಿಜಯಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯ ಜಾನುವಾರು ಪೇಟೆಯಲ್ಲಿ ಬಹುಮಾನ ಕೊಡುವುದೂ ಹಲ್ಲಿನ ಲೆಕ್ಕದಲ್ಲೇ. ಹಾಲುಹಲ್ಲಿನದ್ದು ಬೇರೆ, ಎರಡು ಹಲ್ಲಿನದ್ದು ಬೇರೆ, ನಾಲ್ಕು, ಆರು ಬೇರೆ ಬೇರೆ. ಮಾರುವವ ಬಾಯಲ್ಲಿ ಏನು ಬೇಕಾದರೂ ಹೇಳಲಿ, ಕೋಡು ಹೆರೆದು ಬಣ್ಣ ಹಚ್ಚಲಿ, ಹಲ್ಲು ಸುಳ್ಳು ಹೇಳೋದಿಲ್ಲ.

"ಎಂಜಿನ್ ಸಲುವಾಗಿ ಮಾರಿದೆಲ್ಲ, ಅದು ಎರಡ ಹಲ್ಲಿನ ಹೋರಿ" ಅಂದ ಅಪ್ಪ. ಆ ವಿವರ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮರುದಿನ ಅಪ್ಪನ ಹಿಂದೆ ಅದೇ ಗಾಡಿಯ ಮೇಲೆ ಕೂತು ಮುದ್ದೇಬಿಹಾಳಕ್ಕೆ ಹೋದೆ. ಮಿಸ್ತ್ರಿಗೆ ಈಗ ವಯಸ್ಸಾಗಿದೆ, ಕಣ್ಣು ಸ್ವಲ್ಪ ಮಂದ. ಗಾಡಿಯ ಹಲ್ಲು ಯಾವುದ್ರಿ ಅಂತ ಕೇಳಿದೆ. ತಲೆಕೆಟ್ಟಿದೆಯಾ ಅನ್ನುವಂತೆ ನೋಡಿದರು. ವಿಷಯ ಬಿಡಿಸಿ ಹೇಳಿದ ಮೇಲೆ ಬಗ್ಗಿ ಯೆಜ್ಡಿಯ ಬಲಗಡೆಯ ಕವರ್ ಬಿಚ್ಚಿದರು.

"ಇದ ನೋಡ್ರಿ ಹಲ್ಲು."

ಕಾಂಟ್ಯಾಕ್ಟ್ ಪಾಯಿಂಟ್. ಹಳೆ ಗಾಡಿಗಳಲ್ಲಿ ಎರಡು ಪುಟ್ಟ ಲೋಹದ ತುಂಡುಗಳು ಕೂಡಿ ಬಿಡುವ ಹೊತ್ತಿಗೆ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಅವುಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ. ಅಪ್ಪ ಈಗಲೂ ಅದನ್ನು ಸಿಗರೇಟ್ ಪ್ಯಾಕಿನ ರಟ್ಟು ತೂರಿಸಿ ನೋಡುತ್ತಾನೆ, ಕಪ್ಪಾದರೆ ಪಾಲಿಶ್ ಪೇಪರ್ ತಿಕ್ಕುತ್ತಾನೆ. ಆರ್‌ಎಕ್ಸ್‌ನಂಥ ಗಾಡಿಗಳು ಬಂದಾಗ ಆ ಕೆಲಸವನ್ನು ಸಿಡಿಐ ಅನ್ನುವ ಎಲೆಕ್ಟ್ರಾನಿಕ್ ಡಬ್ಬಿ ಮಾಡತೊಡಗಿತು. ಮಿಸ್ತ್ರಿ ಹೇಳುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ: ಬ್ರೇಕು ಡ್ರಮ್ಮೋ ಡಿಸ್ಕೋ, ಹಿಂದೆ ಶಾಕಪ್ ಎರಡೋ ಒಂದೋ, ಎಂಜಿನ್ನಿಗೆ ಗಾಳಿಯ ತಂಪೋ ನೀರಿನ ತಂಪೋ. ಯಾವ ವರ್ಷದ ಗಾಡಿ ಅಂತ ಒಂದು ಸಲವೂ ಹೇಳಲಿಲ್ಲ.

ವಾಪಸ್ ಬಂದು ನಾಲ್ಕು ಪುಟವನ್ನು ಮುಕ್ಕಾಲು ಪುಟಕ್ಕೆ ಇಳಿಸಿದೆ. ಪಾಯಿಂಟ್ ಕ್ಲಾಸ್: ಪಾಯಿಂಟಿನ ಕಿಡಿ, ಎರಡೂ ಕಡೆ ಡ್ರಮ್ ಬ್ರೇಕ್, ಹಿಂದೆ ಎರಡು ಶಾಕಪ್. ಸಿಡಿಐ ಕ್ಲಾಸ್: ಕಿಡಿ ಡಬ್ಬಿಯದಾದರೂ ಸರಿ, ಉಳಿದದ್ದು ಹಾಗೇ ಇರಬೇಕು. ವರ್ಷ ಕೇಳುವುದಿಲ್ಲ. ಎಂಜಿನ್ ಬದಲಾಗಿದ್ದರೆ ಅದೇ ಬಗೆಯ ಎಂಜಿನ್ ಇರಬೇಕು, ಆರ್‌ಸಿಯಲ್ಲಿ ದಾಖಲಾಗಿರಬೇಕು.

ಆರ್‌ಎಕ್ಸ್ ಅಣ್ಣತಮ್ಮಂದಿರು ಒಂದೇ ಕ್ಲಾಸಿಗೆ ಬಂದರು. ಆದರೆ ಇಂಡಿಯ ಹುಡುಗ ಬಿಡಲಿಲ್ಲ. "ಅಣ್ಣಾರ, ಏಳನೇ ರೂಲ್ ನಿಮ್ಮ ಅಪ್ಪಾರ ಗಾಡಿ ಸಲುವಾಗಿ ಚೇಂಜ್ ಮಾಡೀರಿ, ಹೌದಿಲ್ಲೋ?" ಅಂತ ಗ್ರೂಪಿನಲ್ಲೇ ಕೇಳಿದ.

ಹೌದು ಅಂತ ಬರೆದೆ. ಬೇರೆ ಏನು ಬರೆಯಲಿ? ಹಾರ್ಲೆಯವರನ್ನು ನೋಡಿ ನಕ್ಕವನು ನಾನು. ಇನ್ನು ಮುಂದೆ ಗಾಡಿ ನೋಡಿ ಪಾಸ್ ಮಾಡುವ ಕೆಲಸ ನನಗೆ ಬೇಡ, ಮಿಸ್ತ್ರಿಯೂ ನೀನೂ ಸೇರಿ ಮಾಡಿ, ನಿಯಮ ಸರಿ ಇಲ್ಲ ಅನ್ನಿಸಿದರೆ ತೆಗೆಯಿರಿ ಅಂದೆ. ಅವನು ತೆಗೆಯಲಿಲ್ಲ. ಒಂದು ಸಾಲು ಸೇರಿಸಿದ, 'ಪಾಯಿಂಟ್ ಕವರ್ ಎಲ್ಲರೆದುರು ಬಿಚ್ಚಿ ತೋರಿಸಬೇಕು.' ನನಗೆ ಹೊಳೆಯದ ಸಾಲು ಅದು.

ಓಟದ ದಿನ ಹನ್ನೊಂದು ಹಳೆ ಗಾಡಿ ಬಂದವು. ಟ್ಯಾಂಕರ್ ನೀರು ಹೊಡೆದು ಧೂಳು ಕೂರಿಸಿದ್ದರು. ಒಬ್ಬೊಬ್ಬರೂ ಮಿಸ್ತ್ರಿಯ ಮುಂದೆ ಕವರ್ ಬಿಚ್ಚಿದರು. ಬಾಗೇವಾಡಿಯ ಒಬ್ಬರು ಥಳಥಳ ಹೊಳೆಯುವ ಯೆಜ್ಡಿ ರೋಡ್‌ಕಿಂಗ್ ತಂದಿದ್ದರು. ಹೊಸ ಕ್ರೋಮು, ಹೊಸ ಬಣ್ಣ, ಟ್ಯಾಂಕಿನ ಮೇಲೆ ಮುಖ ಕಾಣುತ್ತಿತ್ತು. ಬಿಚ್ಚಿದರೆ ಒಳಗೆ ಸಿಡಿಐ. ಓಡಿಸಲು ಸಲೀಸು ಅಂತ ಹಾಕಿಸಿದ್ದರಂತೆ. ಆರ್‌ಎಕ್ಸ್‌ಗಳ ಜೊತೆ ಹೋಗಬೇಕಾಯಿತು, ಗೊಣಗಿದರು. ಒಬ್ಬ ಅಜ್ಜ ಲೂನಾ ತಂದು, ಪಾಯಿಂಟ್ ಐತಿ, ಡ್ರಮ್ ಐತಿ, ಎರಡು ಶಾಕಪ್ ಐತಿ, ಯಾಕ ಬಿಡೂದಿಲ್ಲ ಅಂತ ವಾದಕ್ಕಿಳಿದರು. ನಿಯಮದಲ್ಲಿ ಲೂನಾ ಬೇಡ ಅಂತ ಎಲ್ಲೂ ಇರಲಿಲ್ಲ. ಬಿಟ್ಟೆವು. ಅವತ್ತಿನ ಅತಿ ದೊಡ್ಡ ಚಪ್ಪಾಳೆ ಅವರಿಗೇ ಬಿತ್ತು.

ಅಪ್ಪನ ಸರದಿ ಬಂದಾಗ ಇಂಡಿಯ ಹುಡುಗನೇ ಟಾರ್ಚ್ ಹಿಡಿದಿದ್ದ. ಆರ್‌ಸಿ ತೆಗೆದು, ಗೆರೆ ಹೊಡೆದ ನಂಬರು, ಪಕ್ಕದ ನಂಬರು, ಎಂಜಿನ್ನಿನ ಮೇಲಿನ ನಂಬರು ಮೂರನ್ನೂ ಗಟ್ಟಿಯಾಗಿ ಓದಿದ. ಮಿಸ್ತ್ರಿ ಬಗ್ಗಿ ಪಾಯಿಂಟ್ ನೋಡಿ, ಪಟ್ಟಿಯಲ್ಲಿ ಏನೋ ಬರೆದು ಮುಂದೆ ಹೋದರು.

ಅರವತ್ತನಾಲ್ಕು ವರ್ಷದ ಮನುಷ್ಯ ಹೆಲ್ಮೆಟ್ ಹಾಕಿಕೊಂಡು, ಕಿಕ್ ಹೊಡೆದು, ಅದೇ ಲಿವರನ್ನು ಮುಂದಕ್ಕೆ ಮಡಚಿ ಗೇರ್ ಹಾಕಿದ. ಯೆಜ್ಡಿಗೆ ಕಿಕ್ಕೂ ಗೇರೂ ಒಂದೇ. ಮೂರು ಸುತ್ತು, ಕಣದಲ್ಲಿ ಹಂತಿ ಹೊಡೆದ ಹಾಗೆ ಒಂದೇ ಲಯದಲ್ಲಿ ಹೋದ. ತಿರುವಿನಲ್ಲಿ ಒಮ್ಮೆ ಹಿಂದಿನ ಚಕ್ರ ಜಾರಿತು. ನನ್ನ ಉಸಿರು ನಿಂತಿತು. ಎಡಗಾಲು ಊರಿ ಸುಧಾರಿಸಿಕೊಂಡ. ಪಾಯಿಂಟ್ ಕ್ಲಾಸಿನಲ್ಲಿ ಏಳು ಗಾಡಿ, ಅಪ್ಪ ಐದನೆಯವ. ಗೆದ್ದದ್ದು ತಾಳಿಕೋಟಿಯ ಹಾಲಿನವರ ರಾಜದೂತ್. ದಿನಾ ಮಣ್ಣಿನ ದಾರಿಯಲ್ಲೇ ಓಡುವ ಗಾಡಿ, ಯಾರಿಗೂ ಆಶ್ಚರ್ಯವಾಗಲಿಲ್ಲ.

ಸಂಜೆ ಪಟ್ಟಿಯನ್ನು ಎಕ್ಸೆಲ್‌ಗೆ ಏರಿಸಲು ಕೂತಾಗ ನೋಡಿದೆ. ಕ್ಲಾಸ್ ಅನ್ನುವ ಕಾಲಂನಲ್ಲಿ ಉಳಿದವರೆಲ್ಲರಿಗೂ 'ಪಾಯಿಂಟ್', 'ಸಿಡಿಐ' ಅಂತಿತ್ತು. ಅಪ್ಪನ ಹೆಸರಿನ ಮುಂದೆ ಮಿಸ್ತ್ರಿ ತಮ್ಮ ನಡುಗುವ ಅಕ್ಷರದಲ್ಲಿ 'ಬಾಯಿಗೂಡಿದ್ದು' ಅಂತ ಬರೆದಿದ್ದರು. ಹಾಗೇ ಟೈಪ್ ಮಾಡಿದೆ.

ವಿಂಟೇಜ್ ನೋಂದಣಿಯ ಅರ್ಜಿ ಇನ್ನೂ ನನ್ನ ಫೋನಿನಲ್ಲಿದೆ. ಮೊನ್ನೆ ಫೋನ್ ಮಾಡಿದಾಗ ಮತ್ತೆ ಕೇಳಿದೆ. ಅಪ್ಪ ಸಂತೆಗೆ ಹೋಗಿದ್ದಾನೆ, ಬಂದ ಮೇಲೆ ಮಾಡಸ್ತೀನಿ ಅಂದಳು ಅವ್ವ.